ಮಹಾಪಧಮನಿ ಹಿಗ್ಗಿದೆಯೇ? ಸಿಟಿ ಸ್ಕ್ಯಾನ್‌ನಲ್ಲಿ ಅಳೆಯುವ ಸರಿಯಾದ ಕ್ರಮ

ಒಂದೇ ಸ್ಕ್ಯಾನ್‌ನ ಚಿತ್ರಗಳನ್ನು ನೋಡಿ ಒಬ್ಬ ವೈದ್ಯರು ಮಹಾಪಧಮನಿಯ (ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ಮುಖ್ಯ ನಾಳದ) ವ್ಯಾಸವನ್ನು 46 ಮಿ.ಮೀ. ಎಂದೂ ಮತ್ತೊಬ್ಬರು 51 ಮಿ.ಮೀ. ಎಂದೂ ಬರೆಯುವುದುಂಟು. ಹೃದಯದಿಂದ ಮೇಲೇರುವ ಭಾಗವು ಸಾಮಾನ್ಯವಾಗಿ 55 ಮಿ.ಮೀ. ತಲುಪಿದಾಗ, ಮಾರ್ಫನ್‌ನಂಥ ಆನುವಂಶಿಕ ಕಾಯಿಲೆಗಳಲ್ಲಿ ಅದಕ್ಕೂ ಮೊದಲೇ, ಶಸ್ತ್ರಚಿಕಿತ್ಸೆಯ ಮಾತು ಬರುವುದರಿಂದ ಈ 5 ಮಿ.ಮೀ. ಅಂತರವನ್ನು ಹಗುರವಾಗಿ ಕಾಣುವಂತಿಲ್ಲ.

ಮೊದಲನೆಯದು ಸಿದ್ಧತೆ. ಮೂತ್ರಪಿಂಡಗಳ ಸ್ಥಿತಿ, ಕಾಂಟ್ರಾಸ್ಟ್ ಔಷಧದ (ರಕ್ತನಾಳ ಚಿತ್ರದಲ್ಲಿ ಎದ್ದು ಕಾಣಲೆಂದು ಚುಚ್ಚುವ ಔಷಧ) ಅಲರ್ಜಿ, ಗರ್ಭಧಾರಣೆಯ ಸಾಧ್ಯತೆ ಇವುಗಳನ್ನು ವಿಚಾರಿಸಿಕೊಳ್ಳಬೇಕು.

ಎರಡನೆಯದು ಚಿತ್ರ ತೆಗೆಯುವುದು. ಮಹಾಪಧಮನಿಯ ಬುಡವು ಹೃದಯದ ಪ್ರತಿ ಬಡಿತಕ್ಕೂ ಅಲುಗುತ್ತದೆ. ಇಸಿಜಿಯೊಂದಿಗೆ ಹೊಂದಿಸದೆ ತೆಗೆದ ಚಿತ್ರದಲ್ಲಿ ಅದರ ಗೋಡೆ ಜೋಡಿ ಗೆರೆಯಾಗಿ ಕಾಣಿಸಿ, ಒಳಪದರವೇ ಸೀಳಿದೆಯೆಂಬ ಭ್ರಮೆಯನ್ನೂ ಹುಟ್ಟಿಸಬಹುದು. ಆದ್ದರಿಂದ ಬುಡವನ್ನು ಅಳೆಯಬೇಕಿದ್ದರೆ ಇಸಿಜಿ ಜೋಡಣೆಯನ್ನು ಬಿಡಲೇಬಾರದು. ಚಿತ್ರದ ಪದರಗಳು (ಸ್ಲೈಸ್) 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಲಿ, ಆ ತೆಳು ಪದರಗಳನ್ನೇ ಉಳಿಸಿಡಲಿ. ಜಾಗ ಉಳಿಸಲೆಂದು 5 ಮಿ.ಮೀ. ದಪ್ಪದ ಪದರಗಳನ್ನಷ್ಟೇ ಸಿಡಿಗೆ ಹಾಕಿ ಕೊಡುವ ರೂಢಿ ಕೆಟ್ಟದ್ದು. ಅವುಗಳಿಂದ ಮುಂದೆ ಯಾರೂ ಸರಿಯಾಗಿ ಮರು ಅಳತೆ ಮಾಡಲಾರರು.

ಹೆಚ್ಚಿನ ತಪ್ಪುಗಳಾಗುವುದು ಮೂರನೆಯ ಹಂತವಾದ ಅಳತೆಯಲ್ಲಿ. ಪರದೆಯ ಮೇಲೆ ಮೊದಲು ಕಾಣುವ ಅಡ್ಡ ಚಿತ್ರಗಳು ದೇಹವನ್ನು ನೇರವಾಗಿ ಅಡ್ಡಕೊಯ್ದವು. ಮಹಾಪಧಮನಿಯಾದರೋ ಓರೆಯಾಗಿ ಮೇಲೇರಿ, ಕಮಾನಿನಂತೆ ಬಾಗಿ, ಕೆಲವೊಮ್ಮೆ ಹೊರಳುತ್ತಾ ಕೆಳಗಿಳಿಯುತ್ತದೆ. ಬಿದಿರನ್ನು ಓರೆಯಾಗಿ ಕಡಿದಾಗ ಅದರ ಬಾಯಿ ಅಂಡಾಕಾರಕ್ಕೆ ತಿರುಗುವ ಹಾಗೆಯೇ ಇಲ್ಲಿಯೂ ನಾಳ ತನ್ನ ನಿಜವಾದ ಗಾತ್ರಕ್ಕಿಂತ ಅಗಲವಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಚಿತ್ರವನ್ನು ಎರಡು ಬೇರೆ ಬೇರೆ ದಿಕ್ಕುಗಳಿಂದ ನೋಡಿ, ಎರಡರಲ್ಲಿಯೂ ನಾಳದ ಉದ್ದಕ್ಕೆ ಗೆರೆಯನ್ನು ಹೊಂದಿಸಿ, ಆ ಗೆರೆಗೆ ಲಂಬವಾಗಿ ಮೂರನೆಯ ಚಿತ್ರವನ್ನು ಪಡೆಯಬೇಕು. ಒಂದೇ ದಿಕ್ಕಿನಲ್ಲಿ ಹೊಂದಿಸಿ ನಿಲ್ಲಿಸುವುದು ಅರ್ಧ ಕೆಲಸವಷ್ಟೇ. ಕೇಂದ್ರರೇಖೆಯನ್ನು ತಾನೇ ಎಳೆಯುವ ತಂತ್ರಾಂಶಗಳು ಸಮಯ ಉಳಿಸುತ್ತವೆ ನಿಜ, ಆದರೆ ತೀವ್ರ ತಿರುವಿನಲ್ಲಿಯೂ ಕವಾಟದ ಬಳಿಯಲ್ಲಿಯೂ ಅವು ದಾರಿ ತಪ್ಪಬಲ್ಲವು. ರೇಖೆಯನ್ನು ಕಣ್ಣಾರೆ ಪರಿಶೀಲಿಸದೆ ಅವು ಕೊಟ್ಟ ಅಂಕಿಯನ್ನು ವರದಿಗೆ ಇಳಿಸಕೂಡದು.

ಅಳತೆಗೋಲಿನ ಎರಡು ತುದಿಗಳನ್ನು ಎಲ್ಲಿಡಬೇಕೆಂಬುದೂ ಅಷ್ಟೇ ಮುಖ್ಯ. ಗೋಡೆಯ ಒಳ ಅಂಚಿನಿಂದ ಅಳೆದರೆ ಒಂದು ಅಂಕಿ, ಹೊರ ಅಂಚಿನಿಂದ ಅಳೆದರೆ ಇನ್ನೊಂದು. ಯಾವುದನ್ನು ಬಳಸಲಾಗಿದೆ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಗೋಡೆಗೆ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡಿದ್ದರೆ ಹೊರ ಅಂಚಿನಿಂದಲೇ ಅಳೆಯಿರಿ. ಕಾಂಟ್ರಾಸ್ಟ್‌ನಿಂದ ಬೆಳ್ಳಗೆ ಹೊಳೆಯುವ ಭಾಗವು ರಕ್ತ ಹರಿಯುವ ದಾರಿಯನ್ನು ಮಾತ್ರ ತೋರಿಸುತ್ತದೆ. ಹೊಟ್ಟೆಯ ಭಾಗದಲ್ಲಿ ಅದು 25 ಮಿ.ಮೀ. ಇದ್ದು, ಹೆಪ್ಪೂ ಸೇರಿದ ನಿಜವಾದ ವ್ಯಾಸ 50 ಮಿ.ಮೀ. ಇರಬಹುದು. ಅಲ್ಲಿ ವ್ಯಾಸ 30 ಮಿ.ಮೀ. ತಲುಪಿದರೇ ಅದನ್ನು ಅನ್ಯೂರಿಸಮ್ (ನಾಳದ ಅಸಹಜ ಹಿಗ್ಗುವಿಕೆ) ಎನ್ನಲಾಗುತ್ತದೆ. ಬುಡದಲ್ಲಿರುವ ಮೂರು ಉಬ್ಬುಗಳನ್ನು ಅಳೆಯುವಾಗ ಉಬ್ಬಿನಿಂದ ಉಬ್ಬಿಗೆ ಅಳೆದರೋ, ಉಬ್ಬಿನಿಂದ ಎದುರಿನ ಎರಡು ಉಬ್ಬುಗಳು ಕೂಡುವ ಸಂಧಿಗೆ ಅಳೆದರೋ ಎಂಬುದರ ಮೇಲೆಯೂ ಸುಮಾರು 2 ಮಿ.ಮೀ. ವ್ಯತ್ಯಾಸ ಬೀಳುತ್ತದೆ.

“ಮಹಾಪಧಮನಿ 44 ಮಿ.ಮೀ.” ಎಂದಷ್ಟೇ ಹೇಳುವ ವರದಿಯನ್ನು ಸ್ವೀಕರಿಸಬೇಡಿ. ಬುಡ, ಮೇಲೇರುವ ಭಾಗ, ಕಮಾನು, ಇಳಿಯುವ ಭಾಗ, ಹೊಟ್ಟೆಯ ಭಾಗ ಇವುಗಳಲ್ಲಿ ಸ್ಕ್ಯಾನ್‌ಗೆ ಒಳಪಟ್ಟ ಪ್ರತಿಯೊಂದಕ್ಕೂ ಬೇರೆ ಅಂಕಿ ಇರಬೇಕು, ಏಕೆಂದರೆ ಪ್ರತಿ ಭಾಗದ ಸಹಜ ಅಗಲವೂ ಬೇರೆ. ವಯಸ್ಸು, ಲಿಂಗ, ದೇಹದ ಗಾತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯದು ಹೋಲಿಕೆ. ಹಳೆಯ ವರದಿಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನು ಇಡುವುದು ಹೋಲಿಕೆಯಲ್ಲ. ಹಳೆಯ ಚಿತ್ರಗಳನ್ನೇ ತೆರೆದು, ಅದೇ ಜಾಗದಲ್ಲಿ, ಅದೇ ವಿಧಾನದಿಂದ ಮತ್ತೆ ಅಳೆಯಬೇಕು. ಒಂದೆರಡು ಮಿ.ಮೀ. ವ್ಯತ್ಯಾಸ ಅಳತೆಯ ದೋಷವೇ ಆಗಿರಬಹುದಾದ್ದರಿಂದ, ಕಳೆದ ವರ್ಷದ ಸ್ಕ್ಯಾನ್‌ನೊಂದಿಗೆ ಮಾತ್ರ ಹೋಲಿಸುತ್ತಾ ಹೋದರೆ ನಿಧಾನವಾದ ಬೆಳವಣಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಲಭ್ಯವಿರುವ ಅತ್ಯಂತ ಹಳೆಯ ಸ್ಕ್ಯಾನ್‌ನೊಂದಿಗೂ ಹೋಲಿಸಬೇಕು. ಮೇಲೇರುವ ಭಾಗವು ಒಂದೇ ವರ್ಷದಲ್ಲಿ 5 ಮಿ.ಮೀ. ಅಥವಾ ಸತತ ಎರಡು ವರ್ಷ 3 ಮಿ.ಮೀ.ನಂತೆ ಹಿಗ್ಗಿದ್ದರೆ, ವ್ಯಾಸ 55 ಮಿ.ಮೀ. ಮುಟ್ಟುವವರೆಗೆ ಕಾಯದೆ ಹೃದಯ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.