ನಮ್ಮೂರ ನಾಟ್ಯ ಸಂಘದ ಚರಿತ್ರೆ ಹುಡುಕಿದ್ದು

ಜೇವರ್ಗಿ ತಾಲೂಕಿನಲ್ಲಿ, ಭೀಮಾ ದಂಡೆಗೆ ನಮ್ಮೂರು. ಹನುಮಂತದೇವರ ಜಾತ್ರೆಗೆ ಒಂದು ನಾಟಕ ಆಗಲೇಬೇಕು. ಒಕ್ಕಲುತನದವರು, ಬಟ್ಟೆ ಹೊಲಿಯುವವರು, ಸಾಲಿ ಮಾಸ್ತರರು ಸೇರಿ ಎರಡು ತಿಂಗಳು ತಾಲೀಮು ಮಾಡುತ್ತಾರೆ. ರಾತ್ರಿ ಹತ್ತಕ್ಕೆ ನಾಂದಿ ಹಿಡಿದರೆ ಮಂಗಳ ಹಾಡುವಾಗ ಕೋಳಿ ಕೂಗಿರುತ್ತದೆ. ಮೂವತ್ತು ವರ್ಷದಿಂದ ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತವನು ನಾನು. ಅಪ್ಪ ಪರದೆಯ ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟರ್ ಆಗಿದ್ದ. ಅವನು ಹೋದ ಮೇಲೆ ಟ್ರಂಕು ತೆಗೆದಾಗ ಸಿಕ್ಕ ಹ್ಯಾಂಡ್‌ಬಿಲ್ಲುಗಳೇ ಈ ಕೆಲಸಕ್ಕೆ ಹಚ್ಚಿದವು.

ಗುಲಾಬಿ, ಹಳದಿ ಬಣ್ಣದ ತೆಳುವಾದ ಕಾಗದ. ಮಡಿಚಿದ ಕಡೆಯೆಲ್ಲ ಹರಿದು, ಅರ್ಧ ಗೆದ್ದಲು ತಿಂದಿತ್ತು. ಮೇಲೆ ದೇವರ ಹೆಸರು, ಕೆಳಗೆ ನಾಟಕದ ಹೆಸರು, ಎರಡೂ ಬದಿಗೆ ಪಾತ್ರವರ್ಗ. ಇಸವಿ ಮಾತ್ರ ಬಹಳ ಹಾಳೆಗಳಲ್ಲಿ ಇಲ್ಲ. ‘ವಿರೋಧಿಕೃತು ಸಂವತ್ಸರ, ಮಾಘ ಮಾಸ’ ಎಂದು ಇರುತ್ತದೆ, ಅಷ್ಟೆ. ಸಂವತ್ಸರದ ಚಕ್ರ 60 ವರ್ಷದ್ದು, ಅದರ ಮೊದಲನೆಯದಾದ ಪ್ರಭವ ಬಂದದ್ದು 1987ರ ಯುಗಾದಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ವಿರೋಧಿಕೃತು 1971ರ ಯುಗಾದಿಗೆ ಶುರು. ಅದರ ಮಾಘ ಎಂದರೆ 1972ರ ಮೊದಲ ತಿಂಗಳುಗಳು. ಹೀಗೆ ಪಂಚಾಂಗ ಹಿಡಿದು ಒಂದೊಂದೇ ಹಾಳೆಗೆ ಇಸವಿ ಬರೆದೆ. ಅದರ ಮುಂದಿನ ಪರಿಧಾವಿಗೆ ಹ್ಯಾಂಡ್‌ಬಿಲ್ಲೇ ಇಲ್ಲ. ಸಂಘದ ಲೆಕ್ಕದ ವಹಿಯಲ್ಲಿ ಆ ವರ್ಷ ಪಟ್ಟಿ (ಊರ ವಂತಿಗೆ) ಎತ್ತಿದ್ದೂ ಇಲ್ಲ. ಅದು 1972ರ ಬರ. ಊರೇ ಕಲ್ಲು ಒಡೆಯಲು ಹೋಗಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ.

ಆ ವಿರೋಧಿಕೃತುವಿನ ನಾಟಕ, ನಾಟಕಕಾರ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’. ಅದರಲ್ಲಿ ಪಾತ್ರ ಮಾಡಿದ ಕಾಕಾ ಒಬ್ಬರು ಇನ್ನೂ ಇದ್ದಾರೆ. ಹಾಡು ಕೇಳಿದೆ. ಅದೇ ಹೆಸರಿನ ಸಿನೆಮಾದಲ್ಲಿ ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ಹಾಡನ್ನೇ ಗಟ್ಟಿಯಾಗಿ ಎತ್ತಿದರು. ‘ಇದನ್ನ ನಾವ ಮೊದಲ ಹಾಡಿದ್ದು ತಮ್ಮಾ’ ಎಂದರು. ಸಿನೆಮಾ ಬಂದದ್ದು 1974ರಲ್ಲಿ, ನಮ್ಮೂರ ನಾಟಕ ಅದಕ್ಕಿಂತ ಎರಡು ವರ್ಷ ಮುಂಚೆ. ಕಾಕಾ ಸುಳ್ಳು ಹೇಳುವ ಮನುಷ್ಯ ಅಲ್ಲ. ಸಿನೆಮಾದ ಹಾಡು ಅವರ ನೆನಪಿನಲ್ಲಿ ನಾಟಕದ ಹಾಡಿನ ಜಾಗಕ್ಕೆ ಬಂದು ಕೂತುಬಿಟ್ಟಿದೆ. ಅಂದಿನಿಂದ ಯಾರನ್ನೂ ‘ಯಾವ ವರ್ಷ, ಯಾವ ಹಾಡು’ ಎಂದು ಕೇಳುವುದು ಬಿಟ್ಟೆ. ಗ್ಯಾಸ್ ಬತ್ತಿ ಇತ್ತೋ ಕರೆಂಟ್ ಬಂದಿತ್ತೋ, ನಿಮ್ಮ ಲಗ್ನ ಆಗಿತ್ತೋ ಇಲ್ಲವೋ, ತಬಲಾಕ್ಕೆ ಯಾರು ಕೂತಿದ್ದರು ಎಂದು ಕೇಳುತ್ತೇನೆ. ಇವುಗಳಿಗೆ ಬರುವ ಉತ್ತರ ತಪ್ಪುವುದು ಕಡಿಮೆ.

ಸಂಘ ಶುರುವಾದದ್ದು ಯಾವಾಗ? ‘ನಿಜಾಮ ಹ್ವಾದ ಮ್ಯಾಲೆ’ ಎಂದು ಎಲ್ಲರದೂ ಒಂದೇ ಮಾತು. ಅಂದರೆ ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿನ ನಂತರ ಎಂದು ನಾನೂ ನಂಬಿದ್ದೆ. ಆಮೇಲೆ ಓಣಿಯ ಮುತ್ಯಾ ಒಬ್ಬರ ಮನೆಯ ಮಾಡದಲ್ಲಿ ಒಂದು ಪಾತ್ರದ ವಹಿ ಸಿಕ್ಕಿತು. ತುಂಬ ಉರ್ದು ಅಕ್ಷರ. ಲೇವಾದೇವಿಯ ಲೆಕ್ಕ ಇರಬೇಕೆಂದು ಮನೆಯವರು ಹಾಗೇ ಇಟ್ಟಿದ್ದರು. ಕಲಬುರಗಿಯಲ್ಲಿ ನಿವೃತ್ತ ಉರ್ದು ಮಾಸ್ತರೊಬ್ಬರ ಹತ್ತಿರ ಒಯ್ದೆ. ಮೊದಲ ಸಾಲು ಓದಿ ಅವರು ಸುಮ್ಮನಾದರು, ಮತ್ತೆ ಓದಿದರು. ‘ಅಕ್ಷರ ನಮ್ಮದು, ಮಾತು ನಿಮ್ಮದು ಅದ ನೋಡ್ರಿ’ ಎಂದರು. ಹರಿಶ್ಚಂದ್ರನ ಮಾತುಗಳು, ಅಚ್ಚ ಕನ್ನಡದಲ್ಲಿ. ಆಗ ಸರಕಾರಿ ಸಾಲಿಯಲ್ಲಿ ಕಲಿಸುತ್ತಿದ್ದದ್ದು ಉರ್ದುವಿನಲ್ಲಿ. ಮುತ್ಯಾಗೆ ಬರೆಯಲು ಬರುತ್ತಿದ್ದದ್ದು ಅದೊಂದೇ ಲಿಪಿ, ಆಡಲು ಬೇಕಾದದ್ದು ಕನ್ನಡ. ಸ್ವರ ಎಳೆಯಬೇಕಾದ ಕಡೆಯೆಲ್ಲ ಅಕ್ಷರದ ಮೇಲೆ ಉದ್ದ ಗೀಟು ಹಾಕಿಕೊಂಡಿದ್ದರು. ಕೊನೆಯ ಹಾಳೆಯಲ್ಲಿ 1353 ಫಸಲಿ ಎಂದಿತ್ತು. ಫಸಲಿ ಎಂದರೆ ಕಂದಾಯದ ಲೆಕ್ಕದ ವರ್ಷ. ನಿಜಾಮರ ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಅದು 1943–44. ವಿಮೋಚನೆಗೆ ನಾಲ್ಕು ವರ್ಷ ಮುಂಚೆಯೇ ನಮ್ಮೂರಲ್ಲಿ ಕನ್ನಡ ನಾಟಕ ಆಡಿದ್ದಾರೆ. ಆ ದಿನ ಜೇವರ್ಗಿ ಬಸ್ಸಿನಲ್ಲಿ ವಹಿಯನ್ನು ಚೀಲಕ್ಕೂ ಹಾಕದೆ ಎದೆಗೆ ಒತ್ತಿಕೊಂಡೇ ಊರಿಗೆ ಬಂದೆ.

ಇಷ್ಟೆಲ್ಲ ಕೂಡಿಸಿದ ಮೇಲೆ ನನ್ನನ್ನು ಚುಚ್ಚಿದ್ದು ಇನ್ನೊಂದು. ಹ್ಯಾಂಡ್‌ಬಿಲ್ಲುಗಳಲ್ಲಿ ದ್ವಾರಪಾಲಕನ ಪಾತ್ರ ಮಾಡಿದವನ ಹೆಸರೂ ತಂದೆಯ ಹೆಸರಿನ ಸಮೇತ ಇದೆ. ಮೊದಮೊದಲು ಸ್ತ್ರೀ ಪಾತ್ರ ಗಂಡಸರದೇ, ಅವರ ಹೆಸರೂ ಇದೆ. ಆಮೇಲೆ ಹೊರಗಿನಿಂದ ಕಲಾವಿದೆಯರನ್ನು ಕರೆಸತೊಡಗಿದರು. ರಾತ್ರಿಯಿಡೀ ವನ್ಸ್ ಮೋರ್ ತಗೊಂಡು ನಾಟಕ ಎತ್ತಿ ನಿಲ್ಲಿಸಿದವರು ಅವರು. ಹಾಳೆಯಲ್ಲಿ ಮಾತ್ರ ‘ಗದಗಿನ ಕಲಾವಿದರಿಂದ’ ಎಂದಷ್ಟೇ. ಅವರ ಹೆಸರು ಸಿಕ್ಕದ್ದು ಲೆಕ್ಕದ ವಹಿಯಲ್ಲಿ, ಸೀನರಿ ಬಾಡಿಗೆ ಮತ್ತು ಚಹಾದ ಖರ್ಚಿನ ನಡುವೆ. ನಮ್ಮ ಹಿರಿಯರು ಇದನ್ನು ತಪ್ಪೆಂದು ಎಣಿಸಿರಲಿಲ್ಲ. ನಾನು ಎಣಿಸುತ್ತೇನೆ.

ಅವರಲ್ಲಿ ಒಬ್ಬರನ್ನು ಹುಡುಕಿ ಗದಗಿಗೆ ಹೋದೆ. ಎಂಬತ್ತರ ಹತ್ತಿರದ ವಯಸ್ಸು. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಅವರ ಮನೆಯ ಹಳೇ ಪೆಟ್ಟಿಗೆಯಲ್ಲಿ ಕಪ್ಪು ನಾಲ್ಕಕ್ಕೆ, ಅಂದರೆ ನಾಲ್ಕನೆಯ ಕಪ್ಪು ಮನೆಗೆ, ಶ್ರುತಿ ಹಿಡಿದೆ. ‘ಯಪ್ಪಾ, ಅಷ್ಟ ಮ್ಯಾಲ ಈಗ ಆಗಂಗಿಲ್ಲ, ಕಪ್ಪು ಎರಡಕ್ಕ ಇಳಸು’ ಎಂದರು. ಇಳಿಸಿದೆ. ಕಾಕಾ ಮರೆತ ‘ಸಂಪತ್ತಿಗೆ ಸವಾಲ್’ ನಾಟಕದ ಹಾಡನ್ನು, ಮಟ್ಟು ತಪ್ಪದೆ, ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡಿದರು. ಎರಡನೆಯ ಚರಣದಲ್ಲಿ ನಿಲ್ಲಿಸಿ, ‘ಇಲ್ಲಿ ನಿಮ್ಮೂರ ತಬಲಾದಾಂವ ತಾಳ ಬಿಟ್ಟಿದ್ದ’ ಎಂದರು. ಯಾರೆಂದು ನನಗೆ ಗೊತ್ತಿತ್ತು, ಲೆಕ್ಕದ ವಹಿಯಲ್ಲಿ ಅವನ ಹೆಸರೂ ಇತ್ತು.

ಈ ಸಲದ ಜಾತ್ರೆಯ ಹ್ಯಾಂಡ್‌ಬಿಲ್ಲಿನ ಕರಡು ಮೊನ್ನೆ ಕಲಬುರಗಿಯ ಪ್ರೆಸ್ಸಿಗೆ ಕೊಟ್ಟು ಬಂದೆ. ಇಸವಿ, ತಾರೀಖು ಎರಡನ್ನೂ ಬರೆದಿದ್ದೇನೆ. ಪಾತ್ರವರ್ಗದಲ್ಲಿ ಮೂವರು ಕಲಾವಿದೆಯರ ಹೆಸರು ಊರು ಸಮೇತ, ಉಳಿದವರಷ್ಟೇ ದೊಡ್ಡ ಅಕ್ಷರದಲ್ಲಿ ಇದೆ.