ಮಾವನ ಮದ್ದಳೆ, ನನ್ನ ಲ್ಯಾಪ್‌ಟಾಪ್

ನನ್ನ ಮೊದಲ ಟ್ರ್ಯಾಕ್ ಕೇಳಿ ಮಾವ ಒಂದೇ ಪ್ರಶ್ನೆ ಕೇಳಿದರು. "ಎಲ್ಲ ಸರಿ ಉಂಟು ಮಾರಾಯ. ಆದರೆ ಕುಣಿಯುವವ ಕಾಲು ಎಲ್ಲಿ ಇಡುವುದು?"

ಮಾವ ಕುಂಬಳೆ, ನೀರ್ಚಾಲು ಕಡೆಯ ಯಕ್ಷಗಾನ ಆಟಗಳಲ್ಲಿ ಮದ್ದಳೆ ಬಾರಿಸಿದವರು. ನಾನು ಲ್ಯಾಪ್‌ಟಾಪ್‌ನಲ್ಲಿ ಜಾಝ್ ಮತ್ತು ಫಂಕ್ ಸೇರಿಸಿ ಎಲೆಕ್ಟ್ರಾನಿಕ್ ಸಂಗೀತ ಮಾಡುವವನು. ಆ ಟ್ರ್ಯಾಕ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಚೆನ್ನಾಗಿದ್ದವು. ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೊದ ದನಿಯಲ್ಲಿ ಡಿ ಮೈನರ್ 9 ಎಂಬ ಕಾರ್ಡ್. ಡಿ ಸ್ವರವನ್ನು ಬೇಸ್‌ಗೆ ಬಿಟ್ಟು, ಮೇಲೆ ಎಫ್, ಎ, ಸಿ, ಇ ಮಾತ್ರ ಹಿಡಿದಿದ್ದೆ. ತಪ್ಪಿದ್ದು ಡ್ರಮ್ಸ್‌ನಲ್ಲಿ. ಪ್ರತಿ ಪೆಟ್ಟನ್ನೂ ಸಾಫ್ಟ್‌ವೇರ್ ಸಮವಾಗಿ ಎಳೆದ ಗ್ರಿಡ್ ಗೆರೆಯ ಮೇಲೆ ಕೂರಿಸಿಬಿಟ್ಟಿದ್ದೆ.

ಅದನ್ನು ಸಡಿಲಿಸಲು ಸ್ವಿಂಗ್ ಹಾಕಿದೆ, ಅಂದರೆ ಪೆಟ್ಟುಗಳ ಪ್ರತಿ ಜೋಡಿಯಲ್ಲಿ ಎರಡನೆಯದನ್ನು ತುಸು ತಡ ಮಾಡಿದೆ. ರೋಜರ್ ಲಿನ್ ರೂಪಿಸಿದ ಅಕಾಯ್ ಎಂಪಿಸಿ 60 ಎಂಬ ತಾಳಯಂತ್ರ 1988ರಲ್ಲಿ ಬಂತು. ಅದರಲ್ಲಿ ಸ್ವಿಂಗ್ ಶೇಕಡಾ 50ರಿಂದ 75ರವರೆಗೆ. 50 ಎಂದರೆ ನೇರ. ನನ್ನ ಟ್ರ್ಯಾಕ್ 96 ಬಿಪಿಎಂ, ನಿಮಿಷಕ್ಕೆ 96 ಬೀಟ್. ಅಂದರೆ ಒಂದು ಬೀಟ್‌ಗೆ 625 ಮಿಲಿಸೆಕೆಂಡ್, ಅದರ ಕಾಲು ಭಾಗ ಸುಮಾರು 156. ಆ ಲೆಕ್ಕದಲ್ಲಿ ಸ್ವಿಂಗ್ 58 ಇಟ್ಟರೆ ಜೋಡಿಯ ಎರಡನೇ ಪೆಟ್ಟು 156ರ ಬದಲು 181ಕ್ಕೆ ಬೀಳುತ್ತದೆ. ಬರೀ 25 ಮಿಲಿಸೆಕೆಂಡ್ ತಡ. ಅಷ್ಟಕ್ಕೇ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ನಡೆಯತೊಡಗಿತು.

ಆದರೂ ಮಾವನಿಗೆ ಸಾಲಲಿಲ್ಲ. "ಇದು ಪ್ರತಿ ಸಲ ಒಂದೇ ತೆರನಾಗಿ ತಡವಾಗುತ್ತದಲ್ಲ" ಎಂದರು. ನಿಜವೇ ಅಲ್ವಾ? ಬಾರಿಸುವ ಕೈ ಹಾಗೆ ಮಾಡುವುದಿಲ್ಲ.

ಹಾಗಾಗಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಅವರನ್ನೇ ಜಗಲಿಯಲ್ಲಿ ಕೂರಿಸಿ ಎರಡು ಮೈಕ್ ಇಟ್ಟೆ, ಬಲಕ್ಕೊಂದು, ಎಡಕ್ಕೊಂದು. ಮದ್ದಳೆಯ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ನನ್ನ ಡಿಗಿಂತ ಅರ್ಧ ಸ್ವರ ಮೇಲೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಎಳೆದು ಇಳಿಸಿದರೆ ನಾದ ಕೆಡುತ್ತದೆ. ಅದಕ್ಕೇ ನನ್ನ ಕಾರ್ಡ್‌ಗಳನ್ನೇ ಅರ್ಧ ಸ್ವರ ಮೇಲೆತ್ತಿದೆ. ಊರಿನ ವಾದ್ಯ ಬಳಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ವಾದ್ಯದ ಶ್ರುತಿಗೆ ನೀವು ಹೋಗಿ. ಎಡದ ಪೆಟ್ಟು ಬೇಸ್ ಗಿಟಾರ್‌ಗೆ ಅಡ್ಡ ಬರುತ್ತಿತ್ತು. ಅಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದೆ.

ಏಬಲ್‌ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡಿಂಗ್‌ನಿಂದ ಗ್ರೂವ್, ಅಂದರೆ ಪೆಟ್ಟುಗಳ ನಡೆ, ತೆಗೆಯುವ ಸೌಲಭ್ಯ ಇದೆ. ಮಾವನ ಪೆಟ್ಟುಗಳ ಆ ಸಣ್ಣ ತಡವನ್ನೂ ಅವಸರವನ್ನೂ ಹೈ-ಹ್ಯಾಟ್‌ಗೆ, ರೋಡ್ಸ್‌ಗೆ ಹಾಕಿದೆ. ಕಿಕ್ (ಡ್ರಮ್ಸ್‌ನ ದೊಡ್ಡ ಡ್ರಮ್) ಮತ್ತು ಬೇಸ್ ಮಾತ್ರ ಮೊದಲ ಬೀಟ್‌ನಲ್ಲಿ ಗಟ್ಟಿಯಾಗಿ ಕೂತವು. ಫಂಕ್ ಗಾಯಕ ಜೇಮ್ಸ್ ಬ್ರೌನ್ ತನ್ನ ಬ್ಯಾಂಡ್‌ನಲ್ಲಿ ಹಟ ಹಿಡಿದದ್ದೂ ಆ 'ಒಂದು' ಎಂಬ ಬೀಟ್‌ಗೇ. ಉಳಿದವರು ಎಲ್ಲಿ ಬೇಕಾದರೂ ಸುತ್ತಾಡಲಿ, ಒಂದಕ್ಕೆ ಬಂದು ಸೇರಬೇಕು. ಮುಕ್ತಾಯಕ್ಕೆ ಚೆಂಡೆ, ಮದ್ದಳೆ, ಹೆಜ್ಜೆ ಸೇರುವುದನ್ನು ಸಣ್ಣಂದಿನಿಂದ ನೋಡಿದವನಿಗೆ ಇದು ಹೊಸತಲ್ಲ.

ಹೊಟ್ಟೆಪಾಡು ಬೇರೆ ಕಥೆ. ಬೇರೆಯವರ ಹಾಡುಗಳ ಮಿಕ್ಸಿಂಗ್, ಕಿರುಚಿತ್ರಗಳ ಹಿನ್ನೆಲೆ ಸಂಗೀತ, ಭಜನೆ ರೆಕಾರ್ಡಿಂಗ್. ಕೆಲಸಕ್ಕಾಗಿ ಕಾಸರಗೋಡಿನಿಂದ ಮಂಗಳೂರಿಗೆ ರೈಲು ಹತ್ತುವುದೇ ಜಾಸ್ತಿ. ಒಮ್ಮೆ ಒಂದು ಜಾಹೀರಾತು ಕಂಪನಿಗೆ ಬಾಯಿಮಾತಿನಲ್ಲೇ ಟ್ರ್ಯಾಕ್ ಕೊಟ್ಟೆ. ಒಂದು ಸಲ ದುಡ್ಡು ಬಂತು. ಆಮೇಲೆ ಅದೇ ಟ್ರ್ಯಾಕ್ ಬೇರೆ ಬೇರೆ ಜಾಹೀರಾತುಗಳಲ್ಲಿ ಕೇಳಿಸಿತು, ನನ್ನ ಹೆಸರಿಲ್ಲದೆ. ತುಂಬಾ ನೋವಾಯಿತು. ಈಗ ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ ಬಳಸಲಿಕ್ಕೆ ಎಂದು ಬರೆದು ಸಹಿ ಆಗದೆ ಫೈಲ್ ಕಳಿಸುವುದಿಲ್ಲ. ಬಾಕಿ ಹಣ ಬರುವವರೆಗೆ ಒಂದೊಂದು ವಾದ್ಯದ ಬಿಡಿ ಟ್ರ್ಯಾಕ್‌ಗಳನ್ನೂ ಕೊಡುವುದಿಲ್ಲ. ಮದ್ದಳೆ ಇದ್ದರೆ ಮಾವನ ಹೆಸರು, ಸಂಭಾವನೆ ಎರಡೂ ಕಾಗದದಲ್ಲಿ ಇರಲೇಬೇಕು.

ಈಗ ಏಳಕ್ಷರದ ತ್ರಿವುಡೆ ತಾಳದಲ್ಲಿ ಒಂದು ಟ್ರ್ಯಾಕ್ ನಡೆದಿದೆ. ಮದ್ದಳೆ ಏಳರಲ್ಲಿ, ಕಿಕ್ ನಾಲ್ಕರಲ್ಲಿ. ಎರಡೂ 28 ಎಣಿಕೆಗೊಮ್ಮೆ ಸೇರುತ್ತವೆ. ಮೊನ್ನೆ ಮಾವ ಬೆರಳು ಮಡಚಿ ಎಣಿಸುತ್ತಾ ಅದನ್ನು ಆಲಿಸಿದರು. "ಸೇರುವ ಮೊದಲಿನ ನಾಲ್ಕು ಎಣಿಕೆಗೆ ನಿನ್ನ ಆ ಪೆಟ್ಟು ಬೇಡ, ತೆಗೆ" ಎಂದರು. ತೆಗೆದೆ. ಈಗ ಅಲ್ಲಿ ಮದ್ದಳೆ ಒಂದೇ ಕೇಳುತ್ತದೆ.