ಖಾಲಿ ಕೋನ್, ಅಡಿಕೆ ದಬ್ಬೆ ಮತ್ತು ತೂಗುವ ಕಾಗದದ ಸುರುಳಿ: ನನ್ನ ಅನುಭವ

ತೀರ್ಥಹಳ್ಳಿಯ ಮನೆಯಲ್ಲೇ ಹೊಲಿಗೆ ಮಾಡುವ ನನಗೆ ಡ್ರಾಫ್ಟಿಂಗಿಗಾಗಿ, ಅಂದರೆ ಅಳತೆಗೆ ತಕ್ಕ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳಲು, ಹದಿನೆಂಟು ಇಂಚು ಅಗಲದ ಬ್ರೌನ್ ಪೇಪರ್ ಸುರುಳಿ ನಿತ್ಯವೂ ಬೇಕು. ಮೇಜಿನ ಮೇಲಿಟ್ಟರೆ ಬಟ್ಟೆ ಹಾಸಲು ಜಾಗವಿರುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿದರೆ ನೆಲದ ತೇವಕ್ಕೆ ಕೆಳಗಿನ ಅಂಚು ಮೆತ್ತಗಾಗಿ ಸುರುಟಿಕೊಳ್ಳುತ್ತದೆ. ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುವ ಆಗುಂಬೆ ನಮ್ಮದೇ ತಾಲ್ಲೂಕಿನಲ್ಲಿದೆ. ಪೇಟೆಯಲ್ಲಿ ಅಷ್ಟು ಮಳೆ ಬೀಳದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಗರಿಗರಿಯಾಗಿ ಉಳಿಯುವುದು ಕಷ್ಟವೇ. ಗೋಡೆಗೆ ಹಾಕುವ ಕಬ್ಬಿಣದ ಸ್ಟ್ಯಾಂಡಿಗೆ ಅಂಗಡಿಯಲ್ಲಿ ಸಾವಿರದ ಇನ್ನೂರರ ಆಸುಪಾಸು ಕೇಳಿದರು. ಉಳಿದ ಮ್ಯಾಕ್ರಮೆ (ಗಂಟು ಹೆಣಿಗೆಯ) ದಾರ, ಹಳೆಯ ಮರದ ಬಳೆ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ದಾರದ ಖಾಲಿ ಕೋನ್ ಇವುಗಳಲ್ಲೇ ತೂಗುವ ಹಿಡಿಕೆ ಮಾಡಿಕೊಳ್ಳುತ್ತೇನೆ ಎಂದಾಗ, ಎರಡು ಕಿಲೋ ತೂಕ ದಾರದಲ್ಲಿ ನಿಲ್ಲುವುದಿಲ್ಲವೆಂದು ಜೊತೆಯ ಟೈಲರುಗಳೆಲ್ಲ ಒಂದೇ ಮಾತು ಹೇಳಿದರು. ಐವತ್ತು ಮೀಟರಿನ ಹೊಸ ಸುರುಳಿ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ ಎಂಬುದು ನಿಜ. ಆದರೆ ಕೊನೆಗೆ ತೊಂದರೆ ಕೊಟ್ಟದ್ದು ತೂಕವಲ್ಲ.

ಸುರುಳಿಯ ನಡುವೆ ಹಾಯಿಸಲು ಮೊದಲು ಹಾಕಿದ ಕೋಲು ವಾಟೆಯದು, ಅಂದರೆ ತೆಳು ಬಿದಿರಿನದು. ಹಸಿಯಾಗಿ ಕಡಿದು ನೇರವಾಗಿ ಒಣಗಿಸಿದ ವಾಟೆಯಲ್ಲಿ ಪಿಷ್ಟ ಉಳಿದಿರುತ್ತದೆ, ಅದಕ್ಕೆ ಹುಳು ಬರುತ್ತದೆ. ಕೆಲವೇ ತಿಂಗಳಲ್ಲಿ ಕಾಗದದ ಮೇಲೆ ಹಳದಿ ಪುಡಿ ಉದುರತೊಡಗಿತು. ಕೆಲವು ವಾರ ನೀರಿನಲ್ಲಿ ನೆನೆಸಿ ಒಣಗಿಸಿದ ಇನ್ನೊಂದು ತುಂಡು ಹುಳು ಹಿಡಿಯದೆ ಇವತ್ತಿಗೂ ಇದೆ, ಆದರೆ ಅದು ಗಂಟಿನ ಬಳಿ ಡೊಂಕಾಯಿತು. ಕೊನೆಗೆ ನಿಂತದ್ದು ಅಡಿಕೆ ಮರವನ್ನು ಸೀಳಿ ತೆಗೆದ ಪಟ್ಟಿ, ಅಡಿಕೆ ದಬ್ಬೆ. ಸಿಬಿರು ಏಳದಂತೆ ಮರಳುಕಾಗದದಲ್ಲಿ ತಾಳ್ಮೆಯಿಂದ ಉಜ್ಜಬೇಕು, ಆದರೆ ಪೂರ್ತಿ ಗುಂಡಗೆ ಮಾಡಬಾರದು; ಅದರ ಕಾರಣ ಮುಂದೆ ಬರುತ್ತದೆ.

ಕೋಲಿನ ಎರಡು ತುದಿಗಳನ್ನು ತೂಗುಹಾಕುವ ದಾರದ್ದು ದೊಡ್ಡ ಕಥೆ. ಹತ್ತಿಯ ಹುರಿ ನೆನೆದರೆ ಗಿಡ್ಡವಾಗುತ್ತದೆ ಎಂಬುದು ಬಾವಿಹಗ್ಗ ಬಳಸಿದವರಿಗೆಲ್ಲ ಗೊತ್ತಿರುವ ಸಂಗತಿ. ಕಿಟಕಿಯ ಕಡೆಯ ದಾರ ಇರಚಲಿಗೆ ಬಿಗಿದುಕೊಂಡು ಒಳಗಿನದು ಹಾಗೆಯೇ ಉಳಿದದ್ದರಿಂದ ಸುರುಳಿ ಒಂದು ಬದಿಗೆ ವಾಲಿತು, ಎಳೆದ ಕಾಗದ ಓರೆಯಾಗಿ ಬಂತು, ಓರೆ ಕಾಗದದ ಮೇಲೆ ತೆಗೆದ ಬ್ಲೌಸಿನ ಡ್ರಾಫ್ಟ್ ಯಾವ ಕೆಲಸಕ್ಕೂ ಬರಲಿಲ್ಲ. ಸೆಣಬಿನ ದಾರಕ್ಕೆ ಬೂಷ್ಟು ಹಿಡಿಯಿತು. ಬರೀ ನೈಲಾನ್ ಹಾಕಿದರೆ ಗಂಟು ಜಾರಿತು. ಈಗ ನೈಲಾನ್ ಹುರಿಯನ್ನು ಒಳಗಿಟ್ಟು ಅದರ ಸುತ್ತ ಮ್ಯಾಕ್ರಮೆ ಗಂಟು ಹೆಣೆಯುತ್ತೇನೆ. ತೂಕವನ್ನು ನೈಲಾನ್ ಹೊರುತ್ತದೆ, ಅಂದವನ್ನು ಹತ್ತಿ ನೋಡಿಕೊಳ್ಳುತ್ತದೆ. ದಾರದ ಕೆಳತುದಿಯಲ್ಲಿ ಮರದ ಬಳೆ, ಬಳೆಯೊಳಗೆ ದಬ್ಬೆಯ ತುದಿ. ಮೇಲ್ಗಡೆ ಎರಡೂ ದಾರಗಳನ್ನು ಸಮ ಉದ್ದಕ್ಕೆ ತಂದು ನಿಲ್ಲಿಸುವ ಗಂಟನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಿಜವಾದ ತೊಂದರೆ ಸುರುಳಿಯ ಓಟದ್ದಾಗಿತ್ತು. ತೆಳು ಕೋಲಿನ ಮೇಲೆ ಅಗಲ ಬಾಯಿಯ ರಟ್ಟಿನ ಕೊಳವೆ ಕುಪ್ಪಳಿಸುತ್ತಾ ತಿರುಗುತ್ತದೆ, ಒಂದು ಮೊಳ ಎಳೆದರೆ ನಾಲ್ಕು ಮೊಳ ಸುರಿಯುತ್ತದೆ. ಬಟ್ಟೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ಯಾವುದೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಖಾಲಿ ಕೋನುಗಳ ಚೂಪು ತುದಿಯನ್ನು ಎರಡೂ ಕಡೆಯಿಂದ ಕೊಳವೆಯೊಳಗೆ ತೂರಿಸಿ, ನಡುವೆ ದಬ್ಬೆ ಹಾಯಿಸಿದಾಗ ಎರಡು ಸಮಸ್ಯೆಗಳೂ ಒಟ್ಟಿಗೆ ಬಗೆಹರಿದವು. ಕೋನಿನ ಇಳಿಜಾರಿನಿಂದಾಗಿ ಕೊಳವೆಯ ಬಾಯಿ ಎಷ್ಟೇ ಅಗಲವಿರಲಿ, ಸುರುಳಿ ತಾನಾಗಿಯೇ ನಡುವಿಗೆ ಬಂದು ಕೂರುತ್ತದೆ. ಕೋನುಗಳನ್ನು ಒಳಕ್ಕೆ ಒತ್ತಿದಷ್ಟೂ ರಟ್ಟು ಅವುಗಳ ಮೈಗೆ ಉಜ್ಜುವುದರಿಂದ ಓಟಕ್ಕೆ ತಡೆಯೂ ಸಿಗುತ್ತದೆ. ಕೋನ್ ತಿರುಗದೆ ರಟ್ಟು ಮಾತ್ರ ತಿರುಗಬೇಕು, ಅದಕ್ಕಾಗಿಯೇ ದಬ್ಬೆಗೆ ಒಂದು ಬದಿ ಚಪ್ಪಟೆ ಉಳಿಸಿ ಅದರ ತುದಿಯನ್ನು ಬಳೆಗೆ ಬಿಗಿಯುವುದು. ಕೋನ್ ಹಿಂದೆ ಸರಿಯದಂತೆ ಹಳೆಯ ಎಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಿದ್ದೇನೆ. ಸುರುಳಿ ತೆಳುವಾದಂತೆ ಎಳೆತ ಬಿಗಿ ಎನಿಸುತ್ತದೆ. ಆಗ ಕೋನನ್ನು ಒಂದು ಕೂದಲೆಳೆಯಷ್ಟು ಹೊರಕ್ಕೆ ತೆಗೆದರೆ ಸಾಕು.

ಕಾಗದ ಹರಿಯಲು ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಗರಗಸ) ಬ್ಲೇಡ್ ಕಟ್ಟಿ ನೋಡಿದೆ. ಅದರ ಉದ್ದ ಹನ್ನೆರಡೇ ಇಂಚು, ಅಂಚೂ ಹಲ್ಲುಹಲ್ಲಾಗಿ ಹರಿಯಿತು. ಎರಡಡಿಯ ಹಳೆಯ ಸ್ಟೀಲ್ ಸ್ಕೇಲನ್ನು ಗೋಡೆಗೆ ಪಟ್ಟಿಯಿಂದ ಬಿಗಿದ ಮೇಲೆ ಕಾಗದ ನೇರವಾಗಿ ಹರಿಯುತ್ತಿದೆ, ಅಳತೆಯೂ ಅಲ್ಲೇ ಸಿಗುತ್ತದೆ.

ಮೇಲಿನ ಮರದ ಪಟ್ಟಿಗೆ ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದ ಅಂಚು ಬರೆಯುವ ಆಸೆಯಿಂದ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಗೆರೆ ಎಳೆದಿದ್ದೆ. ಬೇಸಿಗೆಯಲ್ಲಿ ಬಂದವರೆಲ್ಲ ಹೊಗಳಿದರು, ಆಷಾಢದಲ್ಲಿ ಬಿಳಿ ಗೆರೆಗಳ ಮೇಲೆಲ್ಲ ಬೂಷ್ಟು ಬಂತು. ಈಗಿರುವುದು ಬಿಳಿ ಪೇಂಟಿನ ಗೆರೆ. ಕುಂಚ ಮಾತ್ರ ಪುಂಡಿಯದೇ, ಏಕೆಂದರೆ ಅಂಥ ಸಣ್ಣ ಗೆರೆ ಅಂಗಡಿಯ ಬ್ರಷ್ಷಿನಲ್ಲಿ ನನಗೆ ಬರಲಿಲ್ಲ.

ಹಾಳಾದ ಸಾಮಾನುಗಳಿಗೆ ನೆನಪಿದ್ದಂತೆ ಮುನ್ನೂರೈವತ್ತು ರೂಪಾಯಿ ಹೋಗಿದೆ. ಈಗ ಒಂದನ್ನು ಮಾಡಲು ನೈಲಾನ್ ಹುರಿ ಮತ್ತು ಕೊಕ್ಕೆಗೆ ಅರವತ್ತು ಎಪ್ಪತ್ತು ಸಾಕು, ಮಿಕ್ಕಿದ್ದೆಲ್ಲ ಹೊಲಿಗೆ ಡಬ್ಬಿಯಲ್ಲೇ ಇರುತ್ತದೆ. ನಿಲ್ಲುವುದಿಲ್ಲವೆಂದವರಲ್ಲಿ ಇಬ್ಬರು ನನ್ನಿಂದಲೇ ಮಾಡಿಸಿಕೊಂಡು ಹೋಗಿದ್ದಾರೆ, ತಲಾ ಮುನ್ನೂರಕ್ಕೆ. ಮೂವತ್ತಾರು ಇಂಚಿನ ಸುರುಳಿಗೆ ಕೇಳಿದವರಿಗೆ ಸದ್ಯ ಇಲ್ಲವೆಂದಿದ್ದೇನೆ, ಆ ಉದ್ದಕ್ಕೆ ದಬ್ಬೆ ನಡುವಿನಲ್ಲಿ ಜೋಲುತ್ತದೆ. ಕಿಟಕಿಯಿಂದ ತೆಗೆದಿಟ್ಟ ಹಳೆಯ ಪರದೆ ಪೈಪನ್ನು ಅದಕ್ಕೆ ಹೊಂದಿಸುವ ಕೆಲಸ ನಡೆದಿದೆ.